ಸೋಮವಾರ ತೆರೆಯುವ ಪೆಟ್ಟಿಗೆ

(ಮಡಿಕೇರಿಯಲ್ಲಿ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಮತ್ತು ಆಂಬುಲೆನ್ಸ್ ಸಿಬ್ಬಂದಿಯ ಮುಂದೆ ಆಡಿದ ಮಾತುಗಳ ಬರಹ ರೂಪ. ವಿಷಯ: ಆಸ್ಪತ್ರೆಯಲ್ಲಿ ಆದ ತಪ್ಪು, ಆಗಲಿದ್ದು ತಪ್ಪಿದ ತಪ್ಪುಗಳನ್ನು ಸಿಬ್ಬಂದಿಯೇ ಬರೆದು ಹಾಕುವ ಪೆಟ್ಟಿಗೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಇನ್ಸುಲಿನ್ ಸಿರಿಂಜ್ ಇವೆ. ಒಂದರ ಮುಚ್ಚಳ ಕೆಂಪು, ಇನ್ನೊಂದರದ್ದು ಕಿತ್ತಳೆ. ಎರಡರ ಹೊಟ್ಟೆಯಲ್ಲೂ ಹಿಡಿಯುವುದು ಒಂದೇ ಎಂಎಲ್. ಕೆಂಪಿನದರಲ್ಲಿ ಆ ಒಂದು ಎಂಎಲ್‌ಗೆ 40 ಗೆರೆ, ಕಿತ್ತಳೆಯದರಲ್ಲಿ 100. ನಮ್ಮ ವಾರ್ಡುಗಳ ಫ್ರಿಡ್ಜ್‌ನಲ್ಲಿರುವ ಮಾಮೂಲಿ ಇನ್ಸುಲಿನ್ ವಯಲ್ (ಸೀಸೆ) ಎಂಎಲ್‌ಗೆ 40 ಯೂನಿಟ್‌ನದು. ಇನ್ಸುಲಿನ್ ಚುಚ್ಚುವ ಪೆನ್ನಿಗೆ ಹಾಕುವ ಕಾರ್ಟ್ರಿಜ್ 100 ಯೂನಿಟ್‌ನದು. ಇದು ನಿಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೂ ಇಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗೊತ್ತಿರುವ ವಿಷಯದಲ್ಲೇ ಕೈ ತಪ್ಪುವುದು.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಜುಲೈ ತಿಂಗಳ ಸಂಜೆ ಏಳೂವರೆ. ಮಳೆಗೆ ಕರೆಂಟ್ ಹೋಗಿ ವಾರ್ಡ್ ಜನರೇಟರ್ ಮೇಲೆ ನಡೆಯುತ್ತಿದೆ. 28 ರೋಗಿಗಳು, ಇಬ್ಬರು ಸಿಸ್ಟರ್. ವಾರ್ಡಿನ ವಯಲ್ ಮುಗಿದಿದೆ. ಒಬ್ಬ ರೋಗಿಯ ಮಗ ಮನೆಯಿಂದ ಅಪ್ಪನ ಪೆನ್ ತಂದಿದ್ದಾನೆ, ಅದರ ಸೂಜಿ ತರುವುದನ್ನು ಮರೆತಿದ್ದಾನೆ. ಊಟದ ಹೊತ್ತು ಮೀರುತ್ತಿದೆ. ಸಿಸ್ಟರ್ ಕಾರ್ಟ್ರಿಜ್‌ಗೆ ಕೆಂಪು ಮುಚ್ಚಳದ ಸಿರಿಂಜ್ ಚುಚ್ಚಿ 12ರ ಗೆರೆಯವರೆಗೆ ಎಳೆಯುತ್ತಾರೆ. ಕೇಸ್ ಶೀಟಿನಲ್ಲೂ 12 ಎಂದೇ ಇದೆ. 12ರ ಗೆರೆ ಎಂದರೆ 0.3 ಎಂಎಲ್. ಕಾರ್ಟ್ರಿಜ್‌ನ ಲೆಕ್ಕದಲ್ಲಿ ಅದು 30 ಯೂನಿಟ್. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಪಕ್ಕದ ಹಾಸಿಗೆಯ ಡ್ರಿಪ್ ನೋಡಲು ಬಂದ ಇನ್ನೊಬ್ಬ ಸಿಸ್ಟರ್ ಕಣ್ಣಿಗೆ ಅದು ಬೀಳುತ್ತದೆ. ಸಿರಿಂಜ್ ಕಸದ ಡಬ್ಬಕ್ಕೆ ಹೋಗುತ್ತದೆ. ಇಬ್ಬರೂ ಒಂದು ಮಾತು ಆಡುತ್ತಾರೆ: ‘ಅಬ್ಬ, ಬಚಾವಾದೆವು.’

ಆ ‘ಬಚಾವಾದೆವು’ ಎಂಬ ಮಾತು ಬಾಯಿಂದ ಹೊರಟಾಗಲೆಲ್ಲ, ಆದದ್ದನ್ನು ಬರೆದಿಡಲು ಪೆನ್ನು ಹಿಡಿಯಬೇಕು. ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ. ಉಳಿದದ್ದು, ಪೆನ್ನು ಹಿಡಿದವರಿಗೆ ಏನಾಗಬೇಕು, ಬರೆದ ಕಾಗದಕ್ಕೆ ಏನಾಗಬೇಕು ಎಂಬ ವಿವರ.

ಕೂದಲೆಳೆಯಲ್ಲಿ ತಪ್ಪಿದ ಇಂಥ ಘಟನೆಯ ಬೆಲೆ ಏನೆಂದರೆ, ಯಾರಿಗೂ ನೋವಾಗಿಲ್ಲ, ಮನೆಯವರ ಗಲಾಟೆ ಇಲ್ಲ, ಎಲ್ಲರ ನೆನಪೂ ಹಸಿಯಾಗಿದೆ. ರೋಗಿ ಸತ್ತ ಮೇಲೆ ಕೂತು ವಿಚಾರಿಸಿದರೆ ಯಾರ ನೆನಪೂ ನೆಟ್ಟಗಿರುವುದಿಲ್ಲ. ಎಲ್ಲರೂ ತಂತಮ್ಮನ್ನು ಕಾಪಾಡಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ.

ಈಗ ಅದೇ ಘಟನೆಯ ಎರಡು ವರದಿ ನೋಡಿ. ಮೊದಲನೆಯದು: ‘ಕರ್ತವ್ಯದಲ್ಲಿದ್ದ ಸಿಸ್ಟರ್ ಅಜಾಗರೂಕತೆಯಿಂದ ಹೆಚ್ಚು ಇನ್ಸುಲಿನ್ ಎಳೆದಿರುತ್ತಾರೆ. ಮೌಖಿಕವಾಗಿ ಎಚ್ಚರಿಸಲಾಗಿದೆ.’ ಎರಡನೆಯದು: ‘ಸಂಜೆ 7-40. ವಾರ್ಡಿನಲ್ಲಿ 40ರ ವಯಲ್ ಇರಲಿಲ್ಲ. ರೋಗಿಯ ಪೆನ್ನಿಗೆ ಸೂಜಿ ಇರಲಿಲ್ಲ. 100ರ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜ್‌ನಲ್ಲಿ 12ರ ಗೆರೆಗೆ ಎಳೆಯಲಾಗಿತ್ತು. ಕೊಡುವ ಮೊದಲು ಗಮನಕ್ಕೆ ಬಂತು. ಫಾರ್ಮಸಿ 5 ಗಂಟೆಗೆ ಮುಚ್ಚಿತ್ತು.’ ಮೊದಲನೆಯದರಲ್ಲಿ ಫಾರ್ಮಸಿ ಇಲ್ಲ, ವಯಲ್ ಇಲ್ಲ, ಸೂಜಿ ಇಲ್ಲ. ಒಬ್ಬ ಸಿಸ್ಟರ್ ಮಾತ್ರ ಇದ್ದಾರೆ. ಅವರನ್ನು ಬೇರೆ ವಾರ್ಡಿಗೆ ಹಾಕಿದರೂ ನಾಳೆ ಸಂಜೆ ವಯಲ್ ಮುಗಿದೇ ಇರುತ್ತದೆ. ‘ಅಜಾಗರೂಕತೆ’, ‘ನಿರ್ಲಕ್ಷ್ಯ’ ಎಂಬ ಪದಗಳನ್ನು ವರದಿಯ ನಮೂನೆಯಿಂದ ಪೂರ್ತಿ ಕಿತ್ತುಹಾಕಿ ಎಂದು ನಾನು ಹೇಳುವುದು ಇದಕ್ಕೆ. ಅವು ತೀರ್ಪು. ನಮಗೆ ಬೇಕಿರುವುದು ಕಣ್ಣಿಗೆ ಕಂಡದ್ದು.

ಎರಡನೆಯ ವರದಿ ಕೈಗೆ ಬಂದರೆ ‘ಯಾಕೆ’ ಎಂದು ಕೆದಕಲು ಜಾಗ ಸಿಗುತ್ತದೆ. ವಯಲ್ ಯಾಕಿರಲಿಲ್ಲ? ಇಂಡೆಂಟ್ (ಬೇಕಾದ ಔಷಧಿಗಳ ಬೇಡಿಕೆ ಪಟ್ಟಿ) ವಾರಕ್ಕೊಮ್ಮೆ ಹೋಗುತ್ತದೆ. ಮಧ್ಯದಲ್ಲಿ ಮುಗಿದರೆ? ರಾತ್ರಿ ತರಲು ದಾರಿಯಿಲ್ಲ. ಪೆನ್ ಸೂಜಿ ವಾರ್ಡಿನ ಸ್ಟಾಕಿನಲ್ಲಿ ಯಾಕಿಲ್ಲ? ಪಟ್ಟಿ ಮಾಡಿದ ಕಾಲಕ್ಕೆ ಪೆನ್ ಬಳಸುವವರು ಕಡಿಮೆ ಇದ್ದರು, ಪಟ್ಟಿಯನ್ನು ಆಮೇಲೆ ಯಾರೂ ನೋಡಿಲ್ಲ. ಹೀಗೆ ನಾಲ್ಕೈದು ‘ಯಾಕೆ’ ಆದ ಮೇಲೆ ಕೈ ಹಾಕಬಹುದಾದ ಜಾಗ ಕಾಣಿಸುತ್ತದೆ. ಕೆಂಪು ಸಿರಿಂಜ್ ಮತ್ತು 40ರ ವಯಲ್ ಒಂದೇ ಡಬ್ಬದಲ್ಲಿ ಜೊತೆಯಾಗಿರಲಿ. ಎರಡು ವಯಲ್ ಉಳಿದಾಗಲೇ ಇಂಡೆಂಟ್ ಹೋಗಲಿ. ಪೆನ್ ಸೂಜಿ ವಾರ್ಡಿನಲ್ಲೇ ಇರಲಿ. ರೋಗಿಯ ಸ್ವಂತ ಪೆನ್ನಿನ ಮೇಲೆ ಅವರ ಹೆಸರು, ಐಪಿ (ಒಳರೋಗಿ) ನಂಬರ್ ಅಂಟಿಸಿರಲಿ. ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚುವುದು ಬೇಡವೇ ಬೇಡ.

ಪರಿಹಾರಗಳಲ್ಲೂ ಗಟ್ಟಿ, ಜೊಳ್ಳು ಇವೆ. ಗೋಡೆಗೆ ಪೋಸ್ಟರ್ ಹಚ್ಚುವುದು, ಸುತ್ತೋಲೆ ಕಳಿಸಿ ಎಲ್ಲರ ಸಹಿ ಪಡೆಯುವುದು, ಇನ್ನೊಂದು ತರಬೇತಿ ಮಾಡುವುದು, ಇವು ಜೊಳ್ಳಿನ ಕಡೆಯವು. ತಿಂಗಳಲ್ಲಿ ಕಣ್ಣು ಪೋಸ್ಟರಿಗೆ ಒಗ್ಗಿಹೋಗುತ್ತದೆ. ಅಪಾಯದ ವಸ್ತುವನ್ನೇ ಆ ಜಾಗದಿಂದ ತೆಗೆಯುವುದು ಗಟ್ಟಿ. ಅದಕ್ಕೆ ಒಳ್ಳೆಯ ಉದಾಹರಣೆ ಪೊಟ್ಯಾಸಿಯಂ ಕ್ಲೋರೈಡ್. 15 ಶೇಕಡಾದ 10 ಎಂಎಲ್ ಆಂಪೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಅದನ್ನು ತೆಳುಗೊಳಿಸದೆ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಡಿಸ್ಟಿಲ್ಡ್ ವಾಟರ್‌ನ ಆಂಪೂಲ್ ಕೂಡ ಹೆಚ್ಚುಕಡಿಮೆ ಅದೇ ಗಾತ್ರ, ಅದೇ ಬಣ್ಣವಿಲ್ಲದ ನೀರು. ಎರಡೂ ಒಂದೇ ಟ್ರೇಯಲ್ಲಿದ್ದರೆ ‘ಲೇಬಲ್ ಓದಿ’ ಎಂಬ ಬೋರ್ಡು ನೆಚ್ಚಿಕೊಂಡು ಕೂರುವಂತಿಲ್ಲ. ಸಾಮಾನ್ಯ ವಾರ್ಡಿನ ಟ್ರೇಯಿಂದ ಅದನ್ನು ತೆಗೆದು ಬೀಗವಿರುವ ಕಪಾಟಿಗೆ ಹಾಕಿ, ತೆಗೆಯುವಾಗ ಇಬ್ಬರು ನೋಡುವ ಹಾಗೆ ಮಾಡಿದರೆ ರಾತ್ರಿ ಮೂರು ಗಂಟೆಯ ತೂಕಡಿಕೆಗೂ ಅದು ಜಗ್ಗುವುದಿಲ್ಲ.

ಬರವಣಿಗೆಯ ತಪ್ಪುಗಳೂ ಇದೇ ಜಾತಿ. ‘1.0’ ಎಂದು ಬರೆದರೆ ಚುಕ್ಕಿ ಮಾಸಿ 10 ಆಗುತ್ತದೆ. ‘.5’ ಎಂದು ಬರೆದರೆ 5 ಆಗುತ್ತದೆ. ಯೂನಿಟ್‌ಗೆ ‘ಯು’ ಅಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುತ್ತದೆ. ಹೀಗೆ ಬರೆದ ಆರ್ಡರನ್ನು ಔಷಧಿ ಕೊಡದೆ ವಾಪಸ್ ಕಳಿಸುವ ಅಧಿಕಾರ ಫಾರ್ಮಸಿಸ್ಟರಿಗೆ ಇರಬೇಕು. ಆ ಅಧಿಕಾರ ಕಾಗದದಲ್ಲಿದ್ದರೆ ಸಾಲದು, ವಾಪಸ್ ಬಂದ ಚೀಟಿ ನೋಡಿ ಡಾಕ್ಟರು ರೇಗಬಾರದು.

ಪೆಟ್ಟಿಗೆಯ ವಿಚಾರಕ್ಕೆ ಬರೋಣ. ಕಂಪ್ಯೂಟರ್ ಸಾಫ್ಟ್‌ವೇರ್ ಬಂದ ಮೇಲೆ ಮಾಡೋಣ ಎಂದು ಕಾಯುತ್ತ ಕೂತ ಆಸ್ಪತ್ರೆಗಳೇ ಹೆಚ್ಚು. ಬೇಕಿರುವುದು ಬೀಗವಿರುವ ಒಂದು ಪೆಟ್ಟಿಗೆ, ಒಂದೇ ಪುಟದ ಕನ್ನಡದ ನಮೂನೆ. ಯಾವಾಗ, ಎಲ್ಲಿ, ಏನಾಯಿತು, ರೋಗಿಗೆ ಏನಾಯಿತು, ಆಗ ಏನು ಮಾಡಿದಿರಿ, ಯಾವುದು ಕೈ ಕೊಟ್ಟಿತು ಅಥವಾ ಇರಲಿಲ್ಲ, ಏನಿದ್ದರೆ ತಡೆಯಬಹುದಿತ್ತು. ಐದು ನಿಮಿಷದಲ್ಲಿ ತುಂಬುವಂತಿರಬೇಕು. ಅದಕ್ಕಿಂತ ಉದ್ದವಾದರೆ ಶಿಫ್ಟ್ ಮುಗಿಸಿ ಬಸ್ ಹಿಡಿಯುವವರು ತುಂಬುವುದಿಲ್ಲ. ಯಾರು ಬೇಕಾದರೂ ಬರೆಯಬಹುದು, ಆಯಾ, ವಾರ್ಡ್ ಬಾಯ್, ಆಂಬುಲೆನ್ಸ್ ಡ್ರೈವರ್ ಎಲ್ಲರೂ. ನೆಲ ಒರೆಸುವವರಿಗೆ ಕಾಣುವ ಅಪಾಯ ಡಾಕ್ಟರ ಕಣ್ಣಿಗೆ ಬೀಳುವುದೇ ಇಲ್ಲ. ಬರೆಯಲು ಬಾರದವರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಳ್ಳಲಿ.

ಹೆಸರು ಹಾಕಬೇಕೇ ಎಂಬುದು ದೊಡ್ಡ ಪ್ರಶ್ನೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಬರೆದರೆ ಮರೆಯಾಗಿ ಉಳಿಯಬಹುದೇನೋ. ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಕೈಬರಹ ನೋಡಿದರೆ ಸಾಕು, ಡ್ಯೂಟಿ ಪಟ್ಟಿಯನ್ನೂ ತೆಗೆಯಬೇಕಿಲ್ಲ. ಹಾಗಾಗಿ ‘ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಸುಳ್ಳು ಭರವಸೆ ಕೊಡಬೇಡಿ. ‘ಬರೆದದ್ದಕ್ಕೆ ಮೆಮೋ ಬರುವುದಿಲ್ಲ’ ಎಂಬ ಭರವಸೆ ಕೊಡಿ, ಕೊಟ್ಟ ಮೇಲೆ ಒಂದು ಸಲವೂ ಮುರಿಯಬೇಡಿ. ಒಂದೇ ಒಂದು ಶೋಕಾಸ್ ನೋಟಿಸ್ ಹೋದರೆ ಪೆಟ್ಟಿಗೆ ಆಮೇಲೆ ವರ್ಷಗಟ್ಟಲೆ ಖಾಲಿ.

ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇರಬೇಕು? ಸಿಬ್ಬಂದಿಯ ವಾರ್ಷಿಕ ವರದಿ ಬರೆಯುವವರ ಹತ್ತಿರವಂತೂ ಅಲ್ಲ. ಅಮೆರಿಕದ ವಿಮಾನಯಾನದವರು ಇದನ್ನು 1976ರಲ್ಲೇ ಕಂಡುಕೊಂಡರು. ಪೈಲಟ್‌ಗಳ ತಪ್ಪಿನ ವರದಿಗಳನ್ನು ದಂಡ ಹಾಕುವ ಇಲಾಖೆ ಪಡೆಯುವುದಿಲ್ಲ, ನಾಸಾ ಪಡೆಯುತ್ತದೆ. ಬೇಕೆಂದು ಮಾಡಿದ್ದಲ್ಲದ ತಪ್ಪನ್ನು ಹತ್ತು ದಿನದೊಳಗೆ ಬರೆದು ತಿಳಿಸಿದರೆ ದಂಡದಿಂದ ವಿನಾಯಿತಿಯೂ ಉಂಟು. ನಮ್ಮ ಅಳತೆಗೆ ಅದನ್ನು ಇಳಿಸಿದರೆ ಒಬ್ಬ ಡಾಕ್ಟರ್, ಒಬ್ಬ ಸೀನಿಯರ್ ಸಿಸ್ಟರ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್, ನಾಲ್ಕು ಜನ. ಎರಡು ಕೀಲಿ ಇಬ್ಬರ ಹತ್ತಿರ. ಪ್ರತಿ ಸೋಮವಾರ ಅರ್ಧ ಗಂಟೆ ಕೂತು, ಪೆಟ್ಟಿಗೆ ತೆರೆದು ವರದಿಗಳನ್ನು ಓದುವುದು. ಜೀವಕ್ಕೆ ಅಪಾಯ ಮಾಡಿದ ಘಟನೆಯಾದರೆ ಸೋಮವಾರ ಕಾಯುವ ಮಾತೇ ಇಲ್ಲ, ಆ ಕ್ಷಣವೇ ಫೋನ್.

ಇಷ್ಟೆಲ್ಲ ಮಾಡಿಯೂ ಪೆಟ್ಟಿಗೆ ಸಾಯುವುದು ಭಯದಿಂದ ಮಾತ್ರ ಅಲ್ಲ. ಬರೆದವರಿಗೆ ಉತ್ತರವೇ ಹೋಗುವುದಿಲ್ಲ. ಎರಡು ಸಲ ಬರೆದು ಏನೂ ಆಗದಿದ್ದರೆ ಮೂರನೆಯ ಸಲ ಯಾರು ಬರೆಯುತ್ತಾರೆ? ಒಂದು ವಾರದೊಳಗೆ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಹಾಕಿ: ‘ಪೆನ್ ಸೂಜಿ ಇಲ್ಲವೆಂದು ಬರೆದಿದ್ದಿರಿ. ಇವತ್ತಿನಿಂದ ವಾರ್ಡ್ ಸ್ಟಾಕಿನಲ್ಲಿದೆ.’ ಮಾಡಲಾಗದ್ದಿದ್ದರೆ ಅದನ್ನೂ ಹಾಗೇ ಹೇಳಿ: ‘ರಾತ್ರಿ ಫಾರ್ಮಸಿಸ್ಟ್ ಹುದ್ದೆ ನಮ್ಮ ಕೈಯಲ್ಲಿಲ್ಲ, ಜಿಲ್ಲೆಗೆ ಬರೆದಿದ್ದೇವೆ.’

ಮತ್ತೆ, ಲೆಕ್ಕದ ಮೋಹ ಬೇಡ. ಪೆಟ್ಟಿಗೆ ಇಟ್ಟ ಮೊದಲ ತಿಂಗಳುಗಳಲ್ಲಿ ವರದಿ ಏರುತ್ತವೆ. ತಪ್ಪು ಹೆಚ್ಚಾಯಿತೆಂದು ಮೇಲಿನವರು ಗಾಬರಿ ಬೀಳುತ್ತಾರೆ. ಹೆಚ್ಚಾದದ್ದು ಧೈರ್ಯ. ನಾನಾಗಿದ್ದರೆ ಒಂದೂ ವರದಿ ಬಾರದ ವಾರ್ಡಿನ ಬಗ್ಗೆ ಚಿಂತೆ ಮಾಡುತ್ತೇನೆ.

ಹಾಗಾದರೆ ಶಿಕ್ಷೆಯೇ ಇಲ್ಲವೇ? ಇದೆ. ಮೂರು ಬಗೆಯನ್ನು ಬೇರೆ ಮಾಡಿ ನೋಡಬೇಕು. ಕೈತಪ್ಪು ಒಂದು. ಅದಕ್ಕೆ ಸಾಂತ್ವನ ಹೇಳಿ, ವ್ಯವಸ್ಥೆ ಸರಿಮಾಡಬೇಕು. ಎಲ್ಲರೂ ಹಿಡಿಯುವ ಅಡ್ಡದಾರಿ ಇನ್ನೊಂದು. ರಕ್ತದ ಸ್ಯಾಂಪಲ್ ಟ್ಯೂಬಿಗೆ ಹಾಸಿಗೆಯ ಪಕ್ಕದಲ್ಲಿ ಹೆಸರು ಬರೆಯದೆ, ನಾಲ್ಕು ಜನರದನ್ನು ಒಟ್ಟಿಗೆ ತಂದು ಕೌಂಟರಿನಲ್ಲಿ ಬರೆಯುವುದು ಅಂಥದ್ದು. ಅಲ್ಲಿ ಅದಲುಬದಲಾದರೆ ಬ್ಲಡ್ ಬ್ಯಾಂಕ್ ಎಷ್ಟೇ ಸರಿಯಾಗಿ ಕ್ರಾಸ್‌ಮ್ಯಾಚ್ (ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಿದರೂ ರೋಗಿಗೆ ಬೇರೆಯವರ ಗುಂಪಿನ ರಕ್ತ ಹೋಗಬಹುದು. ಇದಕ್ಕೆ ಕೂರಿಸಿ ತಿಳಿಹೇಳಬೇಕು, ಜೊತೆಗೆ ಆ ಅಡ್ಡದಾರಿ ಯಾಕೆ ಸಲೀಸಾಗಿದೆ ಎಂದೂ ನೋಡಬೇಕು. ಮೂರನೆಯದು ಕುಡಿದು ಡ್ಯೂಟಿಗೆ ಬರುವುದು, ಗೊತ್ತಿದ್ದೂ ರೋಗಿಯ ಜೀವದ ಜೊತೆ ಆಡುವುದು, ದಾಖಲೆ ತಿದ್ದುವುದು. ಅದಕ್ಕೆ ಶಿಸ್ತುಕ್ರಮವೇ.

ಈ ಜಿಲ್ಲೆಗೇ ಅಂಟಿದ ಕೆಲವು ಅಪಾಯಗಳಿವೆ. ಮೊದಲನೆಯದು ಹೆಸರು. ಕೊಡವರಲ್ಲಿ ಮನೆಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅಡ್ಮಿಷನ್ ಕೌಂಟರಿನಲ್ಲಿ ಮನೆಹೆಸರು ಒಂದು ಇನಿಷಿಯಲ್ಲಿಗೆ ಕುಗ್ಗುತ್ತದೆ. ಉಳಿಯುವುದು ಪೊನ್ನಪ್ಪ, ಬೋಪಯ್ಯ, ಮುತ್ತಮ್ಮ, ಕಾವೇರಮ್ಮ. ಒಂದೇ ವಾರ್ಡಿನಲ್ಲಿ ಇಬ್ಬರು ಕಾವೇರಮ್ಮ ಇರುವುದು ಅಪರೂಪವಲ್ಲ. ಕಾಫಿ ಕುಯ್ಲಿನ ಹೊತ್ತಿಗೆ ತೋಟದ ಆಳುಗಳಿರುವ ಲೈನ್‌ಮನೆಗಳಿಂದ ಬರುವ ಅಸ್ಸಾಮಿನ ಕಾರ್ಮಿಕರ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದುಕೊಳ್ಳುತ್ತಾರೆ. ‘ಕಾವೇರಮ್ಮ ಅಂದ್ರೆ ನೀವೇ ಅಲ್ವಾ ಅಜ್ಜಿ?’ ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ‘ಹೂಂ’ ಅನ್ನುತ್ತಾರೆ, ಏನು ಕೇಳಿದರೂ ‘ಹೂಂ’ ಅನ್ನುತ್ತಾರೆ. ‘ಅಜ್ಜಿ, ನಿಮ್ಮ ಮನೆಹೆಸರು, ಹೆಸರು ಪೂರ್ತಿ ಹೇಳಿ’ ಎಂದೇ ಕೇಳಬೇಕು. ಕೈಪಟ್ಟಿಯ ಐಪಿ ನಂಬರ್ ಕೇಸ್ ಶೀಟಿಗೆ ತಾಳೆಯಾಗಬೇಕು. ಹಾಸಿಗೆ ನಂಬರ್ ಗುರುತಲ್ಲ. ಮಳೆಗೆ ಸೂರು ಸೋರಿದರೆ ಹಾಸಿಗೆಗಳೇ ಜಾಗ ಬದಲಿಸುತ್ತವೆ. ರಕ್ತ ಕೊಡುವಾಗ ಇಬ್ಬರು ರೋಗಿಯ ಪಕ್ಕದಲ್ಲೇ ನಿಂತು ಓದಿ ತಾಳೆ ನೋಡಬೇಕು, ಮೊದಲ 15 ನಿಮಿಷ ಪಕ್ಕದಲ್ಲೇ ಇರಬೇಕು, ಚೀಲವನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು.

ಎರಡನೆಯದು ಹಾವು ಕಡಿತ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆ ನಿಮಗೆಲ್ಲ ಗೊತ್ತು. ಎರಡು ಎಂಎಲ್ ರಕ್ತ, ಒಣಗಿದ ಸ್ವಚ್ಛ ಗಾಜಿನ ಟ್ಯೂಬ್, ಅಲುಗಾಡದ ಜಾಗ, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷವೇರಿದೆ ಎಂದು ಲೆಕ್ಕ. ಇಷ್ಟು ಸರಳವಾದದ್ದು ಎಲ್ಲೆಲ್ಲಿ ಕೆಡುತ್ತದೆ ನೋಡಿ. ಟ್ಯೂಬನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಅಥವಾ ಟ್ಯೂಬ್ ಪ್ಲಾಸ್ಟಿಕ್ಕಿನದಾಗಿದ್ದರೆ ವಿಷವೇರದ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆಗ ಬೇಡದ ರೋಗಿಗೆ ಹಾವಿನ ವಿಷಕ್ಕೆ ಕೊಡುವ ಮದ್ದು, ಹತ್ತು ವಯಲ್ ಆ್ಯಂಟಿವೆನಮ್ ಹೋಗುತ್ತದೆ. ಅದರ ಜೊತೆ ಅಲರ್ಜಿಯ ಆಘಾತದ ಅಪಾಯವೂ ಬರುತ್ತದೆ, ಮುಂದಿನ ರೋಗಿಗೆ ಸ್ಟಾಕೂ ಇರುವುದಿಲ್ಲ. ಐದೈದು ನಿಮಿಷಕ್ಕೆ ಎತ್ತಿ ಅಲ್ಲಾಡಿಸುವುದು, ಇಟ್ಟ ಹೊತ್ತನ್ನು ಬರೆಯದಿರುವುದು ಇನ್ನೆರಡು ಮಾಮೂಲಿ ತಪ್ಪುಗಳು. ಟ್ಯೂಬಿನ ಪಕ್ಕ ಒಂದು ಟೈಮರ್, ಕ್ಯಾಶುವಾಲ್ಟಿಯಲ್ಲಿ ಈ ಪರೀಕ್ಷೆಗೆಂದೇ ಹೊಸ ಗಾಜಿನ ಟ್ಯೂಬಿನ ಪೊಟ್ಟಣ. ಖರ್ಚು ಏನೂ ಅಲ್ಲ. ಇನ್ನೊಂದು, ನಮ್ಮ ಆ್ಯಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಫಿ, ಏಲಕ್ಕಿ ತೋಟದಲ್ಲಿ ಕಡಿಯುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಔಷಧಿ ಕೊಟ್ಟು ಆರು ಗಂಟೆಯ ಮೇಲೂ ರಕ್ತ ಹೆಪ್ಪುಗಟ್ಟದಿದ್ದರೆ, ಅದನ್ನೂ ವರದಿಯಲ್ಲಿ ಬರೆಯಿರಿ. ತಪ್ಪು ಯಾರದೂ ಅಲ್ಲದಿದ್ದರೂ ಮುಂದಿನವರಿಗೆ ಬೇಕಾದ ಮಾಹಿತಿ ಅದು.

ಮೂರನೆಯದು ದಾರಿ. ಇಲ್ಲಿಂದ ಮೈಸೂರು ಸುಮಾರು 120 ಕಿಲೋಮೀಟರ್. ಕೆಳಗೆ ಮಂಗಳೂರಿಗೆ ಹೊರಟರೆ ಘಾಟಿ. ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿಯಲ್ಲಿ ‘ಮ್ಯಾಗ್ನೀಷಿಯಂ ಸಲ್ಫೇಟ್ ಕೊಡಲಾಗಿದೆ’ ಎಂದಷ್ಟೇ ಬರೆದು ಫಿಟ್ಸ್ ಬಂದ ಬಾಣಂತಿಯನ್ನು ಕಳಿಸಿದರೆ ಅಲ್ಲಿನವರು ಏನೆಂದು ತಿಳಿಯಬೇಕು? ರಕ್ತನಾಳಕ್ಕೆ ಕೊಡುವ 4 ಗ್ರಾಂ ಮಾತ್ರವೋ, ಎರಡೂ ಪೃಷ್ಠಕ್ಕೆ 5 ಗ್ರಾಂ ಹಾಗೆ ಇನ್ನು 10 ಗ್ರಾಂ ಸೇರಿದೆಯೋ? ಎಷ್ಟು ಗಂಟೆಗೆ? ಗೊತ್ತಿಲ್ಲದೆ ಇನ್ನೊಮ್ಮೆ ಪೂರ್ತಿ ಕೊಟ್ಟರೆ ಮೊದಲು ಮಂಡಿಯ ಜರ್ಕ್ (ತಟ್ಟಿದಾಗ ಕಾಲು ಪುಟಿಯುವುದು) ಹೋಗುತ್ತದೆ, ಆಮೇಲೆ ಉಸಿರು. ಔಷಧಿ, ಗ್ರಾಂ, ಕೊಟ್ಟ ಜಾಗ, ಕೊಟ್ಟ ಹೊತ್ತು, ಈ ನಾಲ್ಕೂ ಚೀಟಿಯಲ್ಲಿರಬೇಕು. ಚೀಟಿ ಪ್ಲಾಸ್ಟಿಕ್ ಕವರಿನಲ್ಲಿರಬೇಕು, ಇಲ್ಲಿಯ ಮಳೆಗೆ ಶಾಯಿ ನಿಲ್ಲುವುದಿಲ್ಲ. ಮ್ಯಾಗ್ನೀಷಿಯಂ ಹೆಚ್ಚಾದರೆ ಕೊಡುವ ಮಾರುಮದ್ದು, ಕ್ಯಾಲ್ಸಿಯಂ ಗ್ಲುಕೊನೇಟ್‌ನ 10 ಎಂಎಲ್ ಆಂಪೂಲ್ ಗಾಡಿಯಲ್ಲಿರಬೇಕು.

ತಪ್ಪು ರೋಗಿಯವರೆಗೆ ತಲುಪಿಯೇಬಿಟ್ಟರೆ? ಮೊದಲು ರೋಗಿ. ಡ್ಯೂಟಿ ಡಾಕ್ಟರಿಗೆ ತಿಳಿಸಿ, ಆರೈಕೆ ಶುರುವಾಗಲಿ. ಆಂಪೂಲ್, ಸಿರಿಂಜ್, ಡ್ರಿಪ್ ಬಾಟಲಿ, ಸೆಟ್ ಯಾವುದನ್ನೂ ಬಿಸಾಡದೆ ಒಂದು ಕವರಿನಲ್ಲಿ ಎತ್ತಿಡಿ. ಕೇಸ್ ಶೀಟಿನಲ್ಲಿ ಏನಾಯಿತು, ಏನು ಮಾಡಿದೆವು ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ತಿದ್ದಬೇಕಾದರೆ ಒಂದೇ ಗೆರೆ ಎಳೆದು ಸಹಿ, ದಿನಾಂಕ, ಸಮಯ ಹಾಕಿ. ವೈಟ್‌ನರ್ ಬಳಿದ ಪುಟ ಕೋರ್ಟಿನಲ್ಲಿ ಮೂಲ ತಪ್ಪಿಗಿಂತ ಹೆಚ್ಚು ಮುಳುಗಿಸುತ್ತದೆ. ಪೆಟ್ಟಿಗೆಯ ವರದಿ ಬೇರೆ, ಅದನ್ನು ಕೇಸ್ ಶೀಟಿಗೆ ಪಿನ್ ಮಾಡಬೇಡಿ.

ಮನೆಯವರಿಗೆ ಆ ದಿನವೇ ಹೇಳಬೇಕು. ಗೊತ್ತಿರುವುದನ್ನು ಹೇಳಿ, ಈಗ ಏನು ಮಾಡುತ್ತಿದ್ದೇವೆ, ಮತ್ತೆ ಯಾವಾಗ ಬಂದು ಹೇಳುತ್ತೇವೆ ಎಂದು ಹೇಳಿ. ಊಹೆ ಬೇಡ, ಒಬ್ಬರ ಮೇಲೆ ಬೆರಳೂ ಬೇಡ. ಅವರ ಭಾಷೆಯಲ್ಲಿ ಹೇಳುವವರು ಬೇಕು: ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಅಸ್ಸಾಮಿ. ತೋಟದ ಮೇಸ್ತ್ರಿಯನ್ನೇ ದುಭಾಷಿಯಾಗಿ ನಿಲ್ಲಿಸುವ ರೂಢಿ ನನಗೆ ಸರಿಕಾಣುವುದಿಲ್ಲ. ಆತ ಮಾಲೀಕರ ಕಡೆಯವರು, ಆಳು ಅವರೆದುರು ಮನಸ್ಸು ಬಿಚ್ಚುವುದಿಲ್ಲ.

ಕೇಳಿದ ಪ್ರಶ್ನೆಗಳಲ್ಲಿ ಮೊದಲನೆಯದು ಕಾನೂನಿನದು: ಬರೆದು ಕೊಟ್ಟರೆ ಅದೇ ನಮ್ಮ ಮೇಲೆ ಸಾಕ್ಷಿಯಾಗುವುದಿಲ್ಲವೇ? ಮುಚ್ಚುಮರೆ ಇಲ್ಲದೆ ಹೇಳುವುದಾದರೆ, ಇಂಥ ವರದಿಗಳನ್ನು ಕಾಪಾಡಲು ಅಮೆರಿಕ 2005ರಲ್ಲಿ ಕಾಯ್ದೆ ಮಾಡಿಕೊಂಡಿತು, ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ನಿರ್ಲಕ್ಷ್ಯದ ಸಾವಿಗೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಆದರೆ ಜೇಕಬ್ ಮ್ಯಾಥ್ಯೂ ಎಂಬ ವೈದ್ಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ: ನಿರ್ಣಯದಲ್ಲಿ ಆದ ತಪ್ಪು ಅಥವಾ ಅಪಘಾತ ತಾನೇ ನಿರ್ಲಕ್ಷ್ಯಕ್ಕೆ ಪುರಾವೆಯಲ್ಲ. ವರದಿಯಲ್ಲಿ ಕಂಡ ಸಂಗತಿ ಮಾತ್ರ ಇರಲಿ, ತೀರ್ಪು ಬೇಡ ಎಂದು ಆಗಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಔಷಧಿಯ ಅಡ್ಡಪರಿಣಾಮವಾದರೆ ಹೊರಗೂ ದಾರಿಯಿದೆ. ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್‌ನ ಉಚಿತ ಸಹಾಯವಾಣಿ 1800-180-3024. ರಕ್ತ ಕೊಟ್ಟಾಗಿನ ತೊಂದರೆಗೆ 2012ರಿಂದ ಹೀಮೋವಿಜಿಲೆನ್ಸ್ ಇದೆ, ಸಲಕರಣೆಯದ್ದಕ್ಕೆ 2015ರಿಂದ ಮೆಟೀರಿಯೋವಿಜಿಲೆನ್ಸ್.

ಎರಡನೆಯ ಪ್ರಶ್ನೆ ಆಂಬುಲೆನ್ಸಿನವರದು: ನಾವು ಕಳಿಸಿದ ರೋಗಿಗೆ ಆಮೇಲೆ ಏನಾಯಿತೆಂದೇ ತಿಳಿಯುವುದಿಲ್ಲ, ಇಲ್ಲಿ ಆದ ತಪ್ಪು ಮೈಸೂರಿನಲ್ಲಿ ಗೊತ್ತಾದರೆ ನಮಗೆ ಹೇಗೆ ತಲುಪಬೇಕು? ಇದು ಇವತ್ತಿನ ಒಳ್ಳೆಯ ಪ್ರಶ್ನೆ. ರೆಫರಲ್ ಚೀಟಿಯ ಕೆಳಗೆ ಹರಿದು ಕೊಡುವಂಥ ಒಂದು ತುಂಡು ಮುದ್ರಿಸಿ. ಅದರಲ್ಲಿ ಮೂರೇ ಸಾಲು: ರೋಗಿ ಬಂದಾಗ ಹೇಗಿದ್ದರು, ಚೀಟಿಯಲ್ಲಿ ಏನು ಬಿಟ್ಟುಹೋಗಿತ್ತು, ಮುಂದಿನ ಸಲ ನಮ್ಮಿಂದ ಏನಾಗಬೇಕು. ರೋಗಿಯನ್ನು ಒಪ್ಪಿಸಿಕೊಳ್ಳುವ ಡಾಕ್ಟರು ಆಗಲೇ ತುಂಬಿ ಕೊಟ್ಟರೆ ಡ್ರೈವರ್ ಅದೇ ಗಾಡಿಯಲ್ಲಿ ವಾಪಸ್ ತಂದು ಸೋಮವಾರದ ಪೆಟ್ಟಿಗೆಗೆ ಹಾಕಲಿ. ತುಂಬದೆ ಖಾಲಿ ಬಂದ ತುಂಡನ್ನೂ ಹಾಕಿ. ತಿಂಗಳ ಕೊನೆಗೆ ಎಷ್ಟು ಖಾಲಿ ಬಂದಿವೆ ಎಂದು ಎಣಿಸಿ, ಆ ಲೆಕ್ಕ ಹಿಡಿದುಕೊಂಡು ಅಲ್ಲಿನ ಕ್ಯಾಶುವಾಲ್ಟಿಯವರ ಜೊತೆ ಕೂತು ಮಾತಾಡಬಹುದು.